ಬೋರ್ಡು ಓದಲು ಬಾರದ ಟೀಚರು



ಟೀಚರಿಗೇ ಓದಲು ಬರುವುದಿಲ್ಲ ಅಂದರೆ ನಗುತ್ತೀರಾ? ನಗಬೇಡಿ. ಅಂಥ ಟೀಚರುಗಳು ದಕ್ಷಿಣ ಕೊರಿಯಾ ದೇಶದಲ್ಲಿ ಇದ್ದಾರೆ.

ಈ ದೇಶ ಚೀನಾಕ್ಕೂ ಜಪಾನಿಗೂ ನಡುವೆ ಇದೆ. ಅಲ್ಲಿಯ ಮಾತು ಕೊರಿಯನ್. ಆದರೆ ಮಕ್ಕಳಿಗೆ ಇಂಗ್ಲಿಷ್ ಬರಬೇಕು ಅಂತ ತಾಯಿ ತಂದೆಯರಿಗೆ ಬಹಳ ಆಸೆ. 1997ರಿಂದ ಶಾಲೆಗಳಲ್ಲಿ ಮೂರನೇ ತರಗತಿಗೇ ಇಂಗ್ಲಿಷ್ ಶುರು. ಶಾಲೆ ಬಿಟ್ಟ ಮೇಲೆ ಟ್ಯೂಷನ್. ಇದಕ್ಕೆ ಅಲ್ಲಿ ಹಗ್ವೊನ್ ಅಂತಾರೆ. ರಾಜಧಾನಿ ಸೋಲ್ ನಗರದಲ್ಲಿ ರಾತ್ರಿ 10 ಗಂಟೆಗೆ ಹಗ್ವೊನ್ ಮುಚ್ಚಬೇಕು ಎಂದು ಕಾನೂನೇ ಇದೆ. ಕಾನೂನು ಮಾಡಬೇಕಾಯಿತು ಅಂದರೆ ಮಕ್ಕಳ ಪಾಡು ನೀವೇ ಯೋಚಿಸಿ.

ಇಂಗ್ಲಿಷ್ ಕಲಿಸಲು ಅಮೆರಿಕ, ಇಂಗ್ಲೆಂಡ್, ಕೆನಡಾ, ದಕ್ಷಿಣ ಆಫ್ರಿಕಾ ಮುಂತಾದ ಕಡೆಯಿಂದ ಟೀಚರುಗಳು ಹೋಗುತ್ತಾರೆ. ಅಂಥ ಒಬ್ಬ ಟೀಚರಮ್ಮ ಹೊಸದಾಗಿ ಹೋದರು ಅಂತ ಇಟ್ಟುಕೊಳ್ಳೋಣ. ಅವರ ದಿನ ಹೇಗಿರುತ್ತದೆ?

ಬೆಳಿಗ್ಗೆ ಶಾಲೆಯ ಬಾಗಿಲಲ್ಲೇ ಶೂ ಬಿಚ್ಚಬೇಕು. ಒಳಗೆ ಬೇರೆ ಚಪ್ಪಲಿ. ದೊಡ್ಡವರಿಗೆ ಏನೇ ಕೊಟ್ಟರೂ ಎರಡು ಕೈಯಲ್ಲಿ ಕೊಡಬೇಕು. ಮಕ್ಕಳು ಪುಸ್ತಕ ಕೊಡುವುದೂ ಹಾಗೆಯೇ. ಮಧ್ಯಾಹ್ನ ಮಕ್ಕಳ ಜೊತೆ ಅನ್ನ, ಸಾರು, ಕಿಮ್ಚಿ. ಕಿಮ್ಚಿ ಅಂದರೆ ಕೋಸಿಗೆ ಉಪ್ಪು, ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕಿ ಹುಳಿ ಬರಿಸಿದ್ದು. ತಿನ್ನಲು ಎರಡು ಸ್ಟೀಲ್ ಕಡ್ಡಿ. ಟೀಚರಮ್ಮನ ಕಡ್ಡಿ ಜಾರುತ್ತದೆ. ಮಕ್ಕಳು ಕಿಲಕಿಲ ನಗುತ್ತಾರೆ. ಆಮೇಲೆ ಬೆರಳು ಹಿಡಿದು ತೋರಿಸುತ್ತಾರೆ.

ಪಾಠದಲ್ಲೂ ತಮಾಷೆ ಇದೆ. ಕೊರಿಯನ್ ಮಾತಿನಲ್ಲಿ 'ಫ' ಇಲ್ಲ. ಕಾಫಿ ಅನ್ನಿ ಅಂದರೆ ಮಕ್ಕಳು 'ಕಾಪಿ' ಅಂತಾರೆ. ನಮ್ಮ ಅಜ್ಜಿಯೂ ಹಾಗೇ ಅನ್ನುತ್ತಿದ್ದರು!

ಒಂದು ದಿನ ಟೀಚರಮ್ಮ ಒಬ್ಬ ಹುಡುಗಿಯ ಹೆಸರನ್ನು ಕೆಂಪು ಪೆನ್ನಿನಲ್ಲಿ ಬರೆದರು. ತರಗತಿಯೇ ಗಪ್‌ಚುಪ್. ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆದರೆ ಅಪಶಕುನ ಎಂದು ಅಲ್ಲಿಯ ನಂಬಿಕೆ. ಕೆಂಪು ಪೆನ್ನು ಇಲ್ಲದೆ ನಮ್ಮಂಥ ಟೀಚರುಗಳಿಗೆ ಕೈಯೇ ಓಡುವುದಿಲ್ಲ. ಪಾಪ, ಅವರಿಗೇನು ಗೊತ್ತು?

ಸಂಜೆಯಾದರೆ ನಿಜವಾದ ಕಷ್ಟ. ಬಸ್ಸಿನ ನಂಬರು ತಿಳಿಯುತ್ತದೆ, ಊರಿನ ಹೆಸರು ತಿಳಿಯುವುದಿಲ್ಲ. ಅಂಗಡಿಯಲ್ಲಿ ಬಿಳಿ ಪುಡಿಯ ಪೊಟ್ಟಣ. ಸಕ್ಕರೆಯೋ ಉಪ್ಪೋ? ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ? ಪದವಿ ಪಡೆದವರು. ಆದರೂ ಎಲ್ಲವನ್ನೂ ಇನ್ನೊಬ್ಬರ ಹತ್ತಿರ ಕೇಳಬೇಕು. ಕೇಳಲು ನಾಚಿಕೆ. ಕಲಿಕಾ ಕೇಂದ್ರಕ್ಕೆ ಬಂದ ಮೊದಲ ದಿನ ನೀವು ನಮಗೆ ಹೇಳಿದ್ದೂ ಇದನ್ನೇ ಅಲ್ಲವೇ?

ಕೊನೆಗೆ ಟೀಚರಮ್ಮ ಮಕ್ಕಳನ್ನೇ ಕೇಳಿದರು. "ನಿಮ್ಮ ಅಕ್ಷರ ನನಗೂ ಕಲಿಸಿ."

ಕೊರಿಯಾದ ಅಕ್ಷರಗಳಿಗೆ ಹಂಗುಲ್ ಎಂದು ಹೆಸರು. ಈಗ ಇರುವುದು 24 ಅಕ್ಷರ. 14 ವ್ಯಂಜನ, 10 ಸ್ವರ. ನಮ್ಮ ಕಾಗುಣಿತದ ಹಾಗೆ ಎರಡನ್ನೂ ಕೂಡಿಸಿ ಬರೆಯಬೇಕು. ಮೊದಲ ಅಕ್ಷರದ ಹೆಸರು ಗಿಯೋಕ್. ನೋಡಲು ಕುಡುಗೋಲಿನ ಹಾಗೆಯೇ ಬಾಗಿದೆ. ಅದಕ್ಕೇ ಅಲ್ಲೊಂದು ಗಾದೆ ಇದೆ. ಓದು ಬಾರದವರನ್ನು 'ಕುಡುಗೋಲು ಮುಂದಿದ್ದರೂ ಗಿಯೋಕ್ ಗೊತ್ತಿಲ್ಲ' ಅಂತ ಆಡಿಕೊಳ್ಳುತ್ತಾರೆ. ಈ ಗಾದೆ ನಮಗೆ ಹಿಡಿಸಲಿಲ್ಲ. ಕುಡುಗೋಲು ಹಿಡಿದ ಕೈಗೆ ಬಳಪ ಕೊಟ್ಟವರು ಯಾರು?

ಕೊಟ್ಟವನು ಒಬ್ಬ ರಾಜ. ಹಿಂದೆ ಕೊರಿಯಾದಲ್ಲಿ ಚೀನೀ ಅಕ್ಷರವೇ ಬಳಕೆಯಲ್ಲಿತ್ತು. ಸಾವಿರಾರು ಅಕ್ಷರ! ದುಡಿಯುವವರಿಗೆ ಎಲ್ಲಿ ಬಿಡುವು? ರಾಜ ಸೇಜೊಂಗ್ 1443ರಲ್ಲಿ ಸುಲಭದ ಅಕ್ಷರ ಮಾಡಿದ. 1446ರಲ್ಲಿ ಜನರಿಗೆ ಕೊಟ್ಟ. ಪಂಡಿತರು ಬಹಳ ಕಾಲ ಮೂಗು ಮುರಿದರು. ಹೆಂಗಸರು ಮಾತ್ರ ಅದನ್ನು ಬಿಡಲಿಲ್ಲ. ಅದರಲ್ಲೇ ಕಾಗದ ಬರೆದರು, ಕಥೆ ಓದಿದರು. ಸಾಕ್ಷರತೆಯ ಕೆಲಸಕ್ಕೆ ಯುನೆಸ್ಕೋ ಕೊಡುವ ಒಂದು ಬಹುಮಾನಕ್ಕೆ ಈ ರಾಜನ ಹೆಸರನ್ನೇ ಇಟ್ಟಿದ್ದಾರೆ. ಅದು 1989ರಲ್ಲಿ ಶುರುವಾಯಿತು.

ಟೀಚರಮ್ಮ ದಿನಾ ಸಂಜೆ ಬರೆದರು, ಅಳಿಸಿದರು, ಮತ್ತೆ ಬರೆದರು. ಒಂದು ದಿನ ಬಸ್ ನಿಲ್ದಾಣದಲ್ಲಿ ನಿಂತು ಬೋರ್ಡನ್ನು ಕೂಡಿಸಿ ಕೂಡಿಸಿ ಓದಿದರು. ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿಯೇ ಬಿಟ್ಟಿತು! ಮುಂದಿನ ಬಸ್ಸಿಗೆ ಯಾರನ್ನೂ ಕೇಳದೆ ಹತ್ತಿದರು.

ಮಾತನಾಡಿ: ನೀವು ಮೊದಲು ಓದಿದ ಬೋರ್ಡು ಯಾವುದು? ಆಗ ನಿಮ್ಮ ಜೊತೆ ಯಾರಿದ್ದರು?