ವಿಶ್ವವಿದ್ಯಾಲಯ ಪ್ರವೇಶದಲ್ಲಿ ದುಡಿಮೆಯ ಅನುಭವಕ್ಕೆ ಬೆಲೆ ಎಷ್ಟು?

ಸಿಂಧನೂರಿನ ಅಕ್ಕಿ ಗಿರಣಿ, ಲಿಂಗಸುಗೂರಿನ ಅಡತಿ ಅಂಗಡಿ, ಮಸ್ಕಿಯ ಬೀಜ-ಗೊಬ್ಬರದ ಮಳಿಗೆ ಎಲ್ಲೇ ಆಗಲಿ, ಪದವಿ ಮುಗಿಸಿದ ಮಗನೋ ಮಗಳೋ ಎರಡು-ಮೂರು ವರ್ಷ ಮನೆಯ ವ್ಯವಹಾರ ನೋಡಿಕೊಂಡು ಅನಂತರ ಎಂ.ಬಿ.ಎ.ಗೆ ಅರ್ಜಿ ಸಲ್ಲಿಸುವುದು ಅಪರೂಪವೇನಲ್ಲ. ಆ ವರ್ಷಗಳು ಪ್ರವೇಶದಲ್ಲಿ ಗಣನೆಗೆ ಬರುತ್ತವೆಯೇ ಎಂಬುದಕ್ಕೆ ಉತ್ತರ ಕೋರ್ಸಿನಿಂದ ಕೋರ್ಸಿಗೆ ಬೇರೆಯಾಗಿದೆ.

ಸರ್ಕಾರಿ ಕೋಟಾದ ಎಂ.ಬಿ.ಎ. ಸೀಟುಗಳು ಪಿಜಿಸಿಇಟಿ ರ‍್ಯಾಂಕಿನ ಆಧಾರದಲ್ಲಿ ಹಂಚಿಕೆಯಾಗುತ್ತವೆ. ಅಲ್ಲಿ ಅನುಭವಕ್ಕೆ ಅಂಕವಿಲ್ಲ. ರಾಯಚೂರು ಜಿಲ್ಲೆಯ ಅಭ್ಯರ್ಥಿಗೆ ಅಲ್ಲಿ ನೆರವಾಗುವುದು ಸಂವಿಧಾನದ 371(ಜೆ) ವಿಧಿಯ ಮೀಸಲಾತಿ. ಅದರ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರಿಂದ ಮುಂಚಿತವಾಗಿಯೇ ಪಡೆದಿರುವುದು ಲೇಸು. ಬೆಂಗಳೂರಿನ ಐಐಎಂನ ಎರಡು ವರ್ಷದ ಕೋರ್ಸಿಗೆ ಅನುಭವ ಕಡ್ಡಾಯವಲ್ಲ, ಆದರೆ ಆಯ್ಕೆಯ ಅಂಕಗಳಲ್ಲಿ ಅದಕ್ಕೂ ಪಾಲುಂಟು. ಅದೇ ಸಂಸ್ಥೆಯ ಒಂದು ವರ್ಷದ ಇ.ಪಿ.ಜಿ.ಪಿ. ಕೋರ್ಸಿಗೆ ಪದವಿಯ ನಂತರ ಕನಿಷ್ಠ 5 ವರ್ಷಗಳ ಅನುಭವವಿಲ್ಲದೆ ಅರ್ಜಿಯನ್ನೇ ಹಾಕುವಂತಿಲ್ಲ.

ಕೃಷಿ ವಿಶ್ವವಿದ್ಯಾಲಯಗಳ ಕ್ರಮ ಇನ್ನೂ ಸ್ವಾರಸ್ಯಕರ. ಬಿ.ಎಸ್ಸಿ. ಕೃಷಿ ಪದವಿಯಲ್ಲಿ ಕೃಷಿಕರ ಮಕ್ಕಳಿಗೆಂದು ಇದ್ದ ಶೇ. 40 ಸೀಟುಗಳನ್ನು 2021ರಲ್ಲಿ ಶೇ. 50ಕ್ಕೆ ಏರಿಸಲಾಯಿತು. ಈ ಕೋಟಾದವರಿಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೊಲದಲ್ಲಿ ಕೈಯಾಡಿಸಿದ ಹುಡುಗನ ತಿಳಿವಳಿಕೆಯನ್ನು ಕಾಗದದಿಂದಲ್ಲದೆ ನೇರವಾಗಿ ಅಳೆಯುವ ಪದ್ಧತಿ ಇದು. ವಾಣಿಜ್ಯ ಶಿಕ್ಷಣದಲ್ಲಿ ಇಂಥದ್ದೊಂದು ಇಲ್ಲದಿರುವುದು ಕೊರತೆಯೇ ಸರಿ.

ಅಲ್ಲಿ ಕೇಳುವುದು ಕಾಗದವನ್ನು. ನಮ್ಮ ಭಾಗದ ಕುಟುಂಬಗಳು ಸೋಲುವುದೂ ಇಲ್ಲಿಯೇ. ಮೂರು ವರ್ಷ ಬೆಳಗಿನಿಂದ ರಾತ್ರಿಯವರೆಗೆ ಗಿರಣಿಯಲ್ಲಿ ನಿಂತ ಮಗನಿಗೆ ನೇಮಕಾತಿ ಪತ್ರವಿರುವುದಿಲ್ಲ, ಬ್ಯಾಂಕ್ ಖಾತೆಗೆ ಸಂಬಳ ಜಮೆಯಾಗಿರುವುದಿಲ್ಲ, ಖರ್ಚಿಗೆ ಗಲ್ಲಾಪೆಟ್ಟಿಗೆಯಿಂದಲೇ ಹಣ. ಅರ್ಜಿಯ ವೇಳೆ ತಂದೆ ಲೆಟರ್‌ಹೆಡ್‌ನಲ್ಲಿ ಬರೆದುಕೊಡುವ ಪತ್ರವೊಂದೇ ಆಧಾರವಾದರೆ, ದಾಖಲೆ ಪರಿಶೀಲನೆಯಲ್ಲಿ ಅದು ನಿಲ್ಲುವುದು ಕಷ್ಟ. ಹಿಂದಿನ ದಿನಾಂಕ ಹಾಕಿದ ಪತ್ರವಂತೂ ಸೀಟನ್ನೇ ಕಳೆಯಬಲ್ಲದು.

ಆದ್ದರಿಂದ ಕೆಲಸ ಆರಂಭವಾದ ತಿಂಗಳಿನಿಂದಲೇ ನೇಮಕಾತಿ ಪತ್ರ ನೀಡಿ, ಸಂಬಳವನ್ನು ಬ್ಯಾಂಕಿನ ಮೂಲಕ ಪಾವತಿಸಿ, ಲೆಕ್ಕಪುಸ್ತಕದಲ್ಲಿ ದಾಖಲಿಸಬೇಕು. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ₹10,000ಕ್ಕಿಂತ ಹೆಚ್ಚು ನಗದಾಗಿ ಕೊಟ್ಟ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ. ಸಂಬಳದ ಮೊತ್ತವೂ ಕೆಲಸಕ್ಕೆ ತಕ್ಕಂತಿರಬೇಕು. ಹತ್ತಿರದ ಬಂಧುವಿಗೆ ಮಾರುಕಟ್ಟೆಯ ದರಕ್ಕಿಂತ ಮಿತಿಮೀರಿ ಕೊಟ್ಟರೆ ಅಧಿಕಾರಿ ಹೆಚ್ಚುವರಿ ಭಾಗವನ್ನು ತಿರಸ್ಕರಿಸಬಹುದು. ಪಡೆದ ಸಂಬಳವನ್ನು ಮಗ ತನ್ನ ರಿಟರ್ನ್‌ನಲ್ಲಿ ತೋರಿಸಿದರೆ, ತೆರಿಗೆ ಬೀಳದಿದ್ದರೂ, ಅದು ವರ್ಷಾನುವರ್ಷದ ಸಾಕ್ಷಿ. ಮಗನನ್ನು ಪಾಲುದಾರನನ್ನಾಗಿ ಸೇರಿಸಿಕೊಂಡಿದ್ದರೆ ಆತ ನೌಕರನಲ್ಲ; ಪಾಲುದಾರಿಕೆ ಪತ್ರ, ಜಿಎಸ್‌ಟಿ ನೋಂದಣಿ ಮತ್ತು ಫರ್ಮಿನ ರಿಟರ್ನ್‌ಗಳೇ ಆತನ ದಾಖಲೆ. ಅರ್ಜಿಯಲ್ಲಿಯೂ ಅನುಭವವನ್ನು ಸ್ವಂತ ಉದ್ಯಮವೆಂದೇ ನಮೂದಿಸುವುದು ಸರಿ.

ದಾಖಲೆ ಸರಿಯಿದ್ದ ಮಾತ್ರಕ್ಕೆ ಸಂದರ್ಶನ ಗೆದ್ದಂತಲ್ಲ. ಗಿರಣಿಯಿಂದ ಬಂದವನಿಗೆ ಕ್ವಿಂಟಲ್ ಭತ್ತಕ್ಕೆ ಅಕ್ಕಿ ಎಷ್ಟು, ನುಚ್ಚು ಎಷ್ಟು, ತೌಡು ಎಷ್ಟು ಎಂಬ ಪ್ರಶ್ನೆ ಬರಬಹುದು. ಸರ್ಕಾರಿ ಖರೀದಿಯಲ್ಲಿ ಕ್ವಿಂಟಲಿಗೆ 67 ಕಿಲೋ ಹಸಿ ಅಕ್ಕಿ ಎಂಬ ಲೆಕ್ಕವಿದೆ. ತಮ್ಮ ಗಿರಣಿಯಲ್ಲಿ ಅದಕ್ಕಿಂತ ಕಡಿಮೆ ಬಂದರೆ ಕಾರಣವೇನು, ತೇವಾಂಶವೇ, ತಳಿಯೇ, ಯಂತ್ರದ ರಬ್ಬರ್ ರೋಲರೇ ಎಂದು ವಿವರಿಸಬಲ್ಲವನ ಅನುಭವ ನಿಜವೆಂದು ಕೇಳುವವರಿಗೆ ತಾನೇ ತಿಳಿಯುತ್ತದೆ. ಕೇವಲ ಕುರ್ಚಿಯಲ್ಲಿ ಕುಳಿತು ಸಂಬಳದ ಚೀಟಿ ಪಡೆದವನು ಈ ಪ್ರಶ್ನೆಯಲ್ಲಿಯೇ ತಡವರಿಸುತ್ತಾನೆ.

ಅಂಕಕ್ಕಾಗಿ ಮಾತ್ರ ಎರಡು ವರ್ಷ ಕಾಯಿಸುವುದು ಲಾಭದಾಯಕವಲ್ಲ. ಪಿಜಿಸಿಇಟಿ ಮೂಲಕ ಹೋಗುವವರು ಪದವಿಯ ಬೆನ್ನಲ್ಲೇ ಪರೀಕ್ಷೆ ಬರೆಯಲಿ. ಐಐಎಂ ಗುರಿಯಿರುವವರು ಸಂಬಳದ ಮೊದಲ ಜಮೆಯನ್ನು ಈ ತಿಂಗಳೇ ಮಾಡಿಸಿಕೊಳ್ಳಲಿ. ಮಾರ್ಚ್ ಕೊನೆಯಲ್ಲಿ ಹನ್ನೆರಡು ತಿಂಗಳ ಸಂಬಳವನ್ನು ಒಂದೇ ನಮೂದಿನಲ್ಲಿ ಬರೆಯುವ ರೂಢಿ ಪರಿಶೀಲನೆಯಲ್ಲಿ ಪ್ರಯೋಜನಕ್ಕೆ ಬಾರದು.