ರಸ್ತೆ ಮುಗಿದಲ್ಲಿಂದ ಮುಂದೆ

ಹಿಮಾಲಯದ ಮಡಿಲಲ್ಲಿರುವ ನೇಪಾಳವು ಜಗತ್ತಿನ ಅತ್ಯುನ್ನತ ಶಿಖರವನ್ನು ಪಡೆದ ನಾಡು. ಆ ನಾಡಿಗೆ ಚೆಲುವನ್ನು ಕೊಟ್ಟ ಶಕ್ತಿಯೇ ಅದರ ಸಂಕಟಕ್ಕೂ ಕಾರಣವಾಗಿದೆ. ಭಾರತವನ್ನು ಹೊತ್ತ ಭೂಫಲಕವು ಉತ್ತರಕ್ಕೆ ಸರಿಯುತ್ತ ಯುರೇಷಿಯಾದ ಫಲಕದ ಅಡಿಗೆ ನುಗ್ಗುತ್ತಲೇ ಇದೆ. ಈ ಒತ್ತಡದಿಂದಲೇ ಹಿಮಾಲಯ ಮೇಲೆದ್ದಿತು. ಒತ್ತಡವನ್ನು ತಾಳಲಾರದೆ ಒಳಗಿನ ಶಿಲೆಗಳು ಒಮ್ಮೆಲೇ ಜಾರಿದಾಗ ನೆಲ ನಡುಗುತ್ತದೆ. 1934ರ ಜನವರಿಯಲ್ಲಿ ಬಿಹಾರ ಮತ್ತು ನೇಪಾಳಗಳನ್ನು ಕೆಡವಿದ ಭೂಕಂಪ ಇಂಥದೇ ಆಗಿತ್ತು. ಎಂಬತ್ತೊಂದು ವರ್ಷಗಳ ಬಳಿಕ ಆ ನಾಡು ಮತ್ತೊಮ್ಮೆ ಕಂಪಿಸಿತು.

ಅಂದು 2015ರ ಏಪ್ರಿಲ್ 25, ಶನಿವಾರ. ಮಧ್ಯಾಹ್ನಕ್ಕೆ ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ಗೋರ್ಖಾ ಜಿಲ್ಲೆಯ ಬಾರ್ಪಾಕ್ ಎಂಬ ಗ್ರಾಮದ ಬಳಿ ಕೇಂದ್ರವಿದ್ದ, 7.8 ಪ್ರಮಾಣದ ಭೂಕಂಪ ಸಂಭವಿಸಿತು. ಸುಮಾರು ಒಂಬತ್ತು ಸಾವಿರ ಜನ ಮೃತರಾದರು. ಐದು ಲಕ್ಷದಷ್ಟು ಮನೆಗಳು ಪೂರ್ಣವಾಗಿ ನೆಲಸಮವಾದವು. ನೇಪಾಳದಲ್ಲಿ ಶನಿವಾರವೇ ವಾರದ ರಜೆ. ಶಾಲೆಗಳ ಸಾವಿರಾರು ಕೊಠಡಿಗಳು ಕುಸಿದರೂ ಅವುಗಳಲ್ಲಿ ಮಕ್ಕಳಿರಲಿಲ್ಲ. ಆ ಘೋರ ದಿನದ ಏಕಮಾತ್ರ ಸಮಾಧಾನವಿದು.

ರಾಜಧಾನಿ ಕಾಠ್ಮಂಡುವಿನಲ್ಲಿ ಧರಹರಾ ಎಂಬ ಎತ್ತರದ ಗೋಪುರ ಉರುಳಿ ಬುಡವಷ್ಟೇ ಉಳಿಯಿತು. ಪುರಾತನ ದೇಗುಲಗಳು ಮಣ್ಣುಪಾಲಾದವು. ಈ ದೃಶ್ಯಗಳನ್ನು ಜಗತ್ತು ಕೆಲವೇ ಗಂಟೆಗಳಲ್ಲಿ ಕಂಡು ಮರುಗಿತು. ಭಾರತವು ಅಂದೇ ‘ಆಪರೇಷನ್ ಮೈತ್ರಿ’ ಎಂಬ ಹೆಸರಿನಲ್ಲಿ ರಕ್ಷಣಾದಳಗಳನ್ನು ಕಳುಹಿಸಿತು. ಅನೇಕ ದೇಶಗಳಿಂದ ಔಷಧ, ಆಹಾರ, ಡೇರೆಗಳನ್ನು ಹೊತ್ತ ವಿಮಾನಗಳು ಹೊರಟವು. ಆದರೆ ಆಗ ನೇಪಾಳಕ್ಕೆ ಇದ್ದುದು ಒಂದೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಅದಕ್ಕೆ ಇದ್ದುದು ಒಂದೇ ರನ್‌ವೇ. ಭಾರಿ ವಿಮಾನಗಳ ಹೊರೆಗೆ ಅದು ಹಾಳಾಗತೊಡಗಿದ್ದರಿಂದ ಮೇ ತಿಂಗಳ ಆರಂಭದಲ್ಲಿ ಅಂಥ ವಿಮಾನಗಳನ್ನು ನಿರ್ಬಂಧಿಸಬೇಕಾಯಿತು. ಹೀಗೆ ಲೋಕದ ಕರುಣೆಯೆಲ್ಲ ಒಂದು ಕಿರಿದಾದ ಬಾಗಿಲ ಮುಂದೆ ಬಂದು ನಿಂತಿತು.

ಆ ಬಾಗಿಲನ್ನು ದಾಟಿದ ಮೇಲೂ ದಾರಿ ಸುಗಮವಾಗಿರಲಿಲ್ಲ. ಹೆಚ್ಚು ಹಾನಿಯಾದದ್ದು ಗೋರ್ಖಾ, ರಸುವಾ, ಸಿಂಧುಪಾಲ್ಚೋಕ್, ದೋಲಖಾ ಮುಂತಾದ ಬೆಟ್ಟದ ಜಿಲ್ಲೆಗಳಲ್ಲಿ. ಅಲ್ಲಿನ ಮನೆಗಳ ಗೋಡೆಗಳು ಕಲ್ಲನ್ನು ಕೆಸರುಮಣ್ಣಿನಲ್ಲಿ ಜೋಡಿಸಿ ಕಟ್ಟಿದಂಥವು. ನೆಲ ಅಲುಗಿದೊಡನೆ ಅವು ಕಳಚಿ ಬಿದ್ದವು. ಮೋಟಾರು ರಸ್ತೆ ಮುಗಿದ ಮೇಲೆ ದಿನಗಟ್ಟಲೆ ನಡೆದರೆ ಮಾತ್ರ ಸಿಗುವ ಗ್ರಾಮಗಳು ಅಲ್ಲಿ ಬಹಳ. ಆ ಕಾಲುದಾರಿಗಳೂ ಭೂಕುಸಿತದಿಂದ ಕಣಿವೆಗೆ ಜಾರಿದ್ದವು. ಲಾಂಗ್‌ಟಾಂಗ್ ಕಣಿವೆಯಲ್ಲಿ ಮೇಲಿನಿಂದ ಕುಸಿದ ಹಿಮ ಮತ್ತು ಬಂಡೆಗಳ ರಾಶಿ ಇಡೀ ಗ್ರಾಮವನ್ನೇ ಹೂತುಹಾಕಿತು. ಮುನ್ನೂರಕ್ಕೂ ಹೆಚ್ಚು ಜನರು ಅಲ್ಲಿ ಅಸುನೀಗಿದರು.

‘ಅಳದ ಕೂಸಿಗೆ ತಾಯಿಯೂ ಹಾಲೂಡಳು’ ಎಂಬ ಮಾತುಂಟು. ಆದರೆ ಅತ್ತರೂ ಕೇಳಿಸದಷ್ಟು ದೂರದಲ್ಲಿರುವ ಕೂಸಿನ ಗತಿಯೇನು? ವಿದ್ಯುತ್ತಿಲ್ಲದೆ ದೂರವಾಣಿಗಳು ಮೌನವಾದವು. ನೆರವನ್ನು ಹೊತ್ತ ಲಾರಿಗಳು ಹೆದ್ದಾರಿಯ ಅಂಚಿನಲ್ಲೇ ನಿಂತವು. ಅಲ್ಲಿಗೆ ಓಡಿ ಬಂದವರಿಗೆ ಅಕ್ಕಿಯ ಮೂಟೆ ದಕ್ಕಿತು. ಒಂದೇ ಗ್ರಾಮಕ್ಕೆ ಎರಡು ಬಾರಿ ನೆರವು ದೊರೆತು, ಅದರ ಮೇಲಿನ ಗ್ರಾಮಕ್ಕೆ ಏನೂ ದೊರೆಯದಂಥ ಸ್ಥಿತಿ ಉಂಟಾಯಿತು. ಇದಕ್ಕೆ ಯಾರ ದುರುದ್ದೇಶವೂ ಬೇಕಿರಲಿಲ್ಲ. ನೀರು ತಗ್ಗಿಗೆ ಹರಿಯುವಂತೆ ನೆರವು ತನ್ನಷ್ಟಕ್ಕೆ ಸುಲಭವಾದ ದಾರಿಯನ್ನೇ ಹಿಡಿಯುತ್ತದೆ.

ಇನ್ನೊಂದು ಬಗೆಯ ದೂರವೂ ಅಲ್ಲಿತ್ತು. ಅದನ್ನು ಮೈಲಿಗಳಲ್ಲಿ ಅಳೆಯಲಾಗದು. ನೇಪಾಳದಲ್ಲಿ 1997ರ ಬಳಿಕ ಸ್ಥಳೀಯ ಚುನಾವಣೆಗಳು ನಡೆದಿರಲಿಲ್ಲ. ಮುಂದೆ ನಡೆದದ್ದು 2017ರಲ್ಲಿ. ಆದುದರಿಂದ ಭೂಕಂಪದ ವೇಳೆಗೆ ಜನರ ಪರವಾಗಿ ಕೇಳಬಲ್ಲ ಚುನಾಯಿತ ಪ್ರತಿನಿಧಿಗಳು ಗ್ರಾಮಗಳಲ್ಲಿ ಇರಲಿಲ್ಲ. ದುಡಿಯುವ ತರುಣರಲ್ಲಿ ಬಹುಮಂದಿ ಕೊಲ್ಲಿ ದೇಶಗಳಿಗೂ ಮಲೇಷಿಯಾಕ್ಕೂ ಭಾರತಕ್ಕೂ ಹೊಟ್ಟೆಪಾಡಿಗಾಗಿ ಹೋಗಿದ್ದರು. ಮನೆಗಳಲ್ಲಿ ಉಳಿದಿದ್ದವರು ವೃದ್ಧರು, ಹೆಂಗಸರು, ಮಕ್ಕಳು. ಕೂಸನ್ನು ಕಟ್ಟಿಕೊಂಡ ತಾಯಿ ದಿನವಿಡೀ ನಡೆದು ರಸ್ತೆಗಿಳಿದು ಅಕ್ಕಿಯ ಮೂಟೆಯನ್ನು ಹೊತ್ತು ಹತ್ತುವುದು ಹೇಗೆ? ಪರಿಹಾರದ ಹಣಕ್ಕೆ ಪೌರತ್ವದ ಪತ್ರ ಬೇಕೆಂದಾಗ ಅದನ್ನು ಎಂದೂ ಪಡೆಯದಿದ್ದ ಒಂಟಿ ಹೆಂಗಸರು ತೊಂದರೆಗೊಳಗಾದರು. ಕೆಲವೆಡೆ ದಲಿತರ ಕೇರಿಗಳಿಗೆ ನೆರವು ಕೊನೆಗೆ ತಲುಪಿತೆಂದೂ ತಲುಪದೆಯೇ ಹೋಯಿತೆಂದೂ ಮಾನವ ಹಕ್ಕುಗಳ ಸಂಸ್ಥೆಗಳು ವರದಿ ಮಾಡಿದವು. ಮೃತರಲ್ಲಿ ಬಹುದೊಡ್ಡ ಪಾಲು ಬೆಟ್ಟಗಳಲ್ಲಿ ವಾಸಿಸುವ ತಮಾಂಗ್ ಸಮುದಾಯದವರದು. ಭೂಕಂಪವು ಮನೆಗಳನ್ನು ಕೆಡವುವಾಗ ಜಾತಿಯನ್ನು ಕೇಳಲಿಲ್ಲ. ಆದರೆ ಬಡತನ ಕಟ್ಟಿದ ಗೋಡೆಗಳೇ ಮೊದಲು ಬಿದ್ದವು.

ಈ ನಡುವೆ ಮೇ 12ರಂದು 7.3 ಪ್ರಮಾಣದ ಮತ್ತೊಂದು ಕಂಪನ ಅಳಿದುಳಿದುದನ್ನೂ ಕೆಡವಿತು. ಜೂನ್ ತಿಂಗಳಲ್ಲಿ ಮಳೆಗಾಲ ಕಾಲಿಡುವುದಿತ್ತು. ಮಳೆ ಬಂದರೆ ಬಿರುಕುಬಿಟ್ಟ ಬೆಟ್ಟಗಳು ಮತ್ತೆ ಜಾರುವುವು; ಸೂರಿಲ್ಲದವರು ನೆನೆಯುವರು; ಭತ್ತದ ಬಿತ್ತನೆ ತಪ್ಪಿದರೆ ಮುಂದಿನ ವರ್ಷವೂ ಹಸಿವು. ಕೆಲವೇ ವಾರಗಳ ಒಳಗೆ ಮರೆತುಹೋದ ಗ್ರಾಮಗಳನ್ನು ಮುಟ್ಟಬೇಕಾಗಿತ್ತು.

ಮೊದಲ ಕೆಲಸ, ಅವು ಎಲ್ಲಿವೆಯೆಂದು ತಿಳಿಯುವುದು. ಕಾಠ್ಮಂಡುವಿನ ತರುಣ ತಂತ್ರಜ್ಞರೂ ಅನೇಕ ದೇಶಗಳ ಸಾವಿರಾರು ಸ್ವಯಂಸೇವಕರೂ ಉಪಗ್ರಹ ಚಿತ್ರಗಳನ್ನು ನೋಡಿ ಮನೆ, ಕಾಲುದಾರಿ, ಬಯಲುಗಳನ್ನು ಒಂದೊಂದಾಗಿ ಗುರುತಿಸಿ ಯಾರು ಬೇಕಾದರೂ ಬಳಸಬಹುದಾದ ನಕ್ಷೆಗಳನ್ನು ರಚಿಸಿದರು. ಸಮುದಾಯ ಬಾನುಲಿ ಕೇಂದ್ರಗಳು ಕಟ್ಟಡ ಬಿದ್ದಲ್ಲಿ ಡೇರೆಯೊಳಗಿಂದಲೇ ಪ್ರಸಾರ ನಡೆಸಿ, ಎಲ್ಲಿ ಏನು ಬೇಕೆಂಬುದನ್ನು ಸಾರಿದವು.

ಎರಡನೆಯದು ತಲುಪುವ ಕೆಲಸ. ಹೆಲಿಕಾಪ್ಟರುಗಳು ಗಾಯಾಳುಗಳನ್ನು ತಂದವು, ಆಹಾರವನ್ನು ಇಳಿಸಿದವು. ಆದರೆ ಅವುಗಳ ಸಂಖ್ಯೆ ಕಡಿಮೆ, ವೆಚ್ಚ ಅಧಿಕ, ಮೋಡ ಕವಿದರೆ ಹಾರಾಟವೇ ಇಲ್ಲ. ಮೇ 12ರಂದು ಪರಿಹಾರ ಕಾರ್ಯದಲ್ಲಿದ್ದ ಅಮೆರಿಕದ ಹೆಲಿಕಾಪ್ಟರೊಂದು ಅಪಘಾತಕ್ಕೀಡಾಗಿ ಆರು ಮಂದಿ ಅಮೆರಿಕದ ಯೋಧರೂ ಇಬ್ಬರು ನೇಪಾಳದ ಯೋಧರೂ ಪ್ರಾಣ ತೆತ್ತರು. ಯಂತ್ರಗಳು ಸೋತಲ್ಲಿ ಮನುಷ್ಯನ ಬೆನ್ನೇ ಆಸರೆಯಾಯಿತು. ವಿಶ್ವ ಆಹಾರ ಕಾರ್ಯಕ್ರಮವು ನೇಪಾಳದ ಪರ್ವತಾರೋಹಣ ಮತ್ತು ಚಾರಣ ವೃತ್ತಿಯವರೊಡನೆ ಸೇರಿ ಸಾವಿರಾರು ಹೊರೆಯಾಳುಗಳನ್ನೂ ಹೇಸರಗತ್ತೆಗಳ ಸಾಲುಗಳನ್ನೂ ನಿಯೋಜಿಸಿತು. ‘ಡೋಕೊ’ ಎಂಬ ಬಿದಿರು ಬುಟ್ಟಿಯನ್ನು ಬೆನ್ನಿಗೇರಿಸಿ, ‘ನಾಮ್ಲೊ’ ಎಂಬ ಪಟ್ಟಿಯನ್ನು ಹಣೆಗೆ ಕೊಟ್ಟು ಅವರು ಅಕ್ಕಿಯನ್ನೂ, ಟಾರ್ಪಾಲುಗಳನ್ನೂ, ಮನೆಯ ಹೊದಿಕೆಗೆ ಬೇಕಾದ ತಗಡುಗಳನ್ನೂ ಹೊತ್ತು ನಡೆದರು. ಹೊರುವವರಿಗೂ ಕುಸಿದ ದಾರಿಗಳನ್ನು ಕಡಿದು ಸರಿಪಡಿಸುವವರಿಗೂ ಕೂಲಿ ದೊರೆಯಿತು. ಪ್ರವಾಸಿಗರು ಬಾರದೆ ಕೆಲಸ ಕಳೆದುಕೊಂಡವರಿಗೆ ಅದು ಅನ್ನವಾಯಿತು. ತೆರೆದ ದಾರಿ ಊರವರ ಪಾಲಿಗೆ ಉಳಿಯಿತು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ಊರು ತಲುಪಿದ ಮೇಲೆ ಊರೊಳಗೆ ಮರೆಯಾದವರನ್ನು ಕಾಣುವುದು. ಗುಂಪಿನ ಮುಂದೆ ಮೂಟೆ ಬಿಚ್ಚಿದರೆ ಬಲವುಳ್ಳವರ ಕೈಯೇ ಮುಂದಾಗುತ್ತದೆ. ಮನೆಮನೆಯನ್ನೂ ಎಣಿಸಿ, ಪಟ್ಟಿಯನ್ನು ಎಲ್ಲರೆದುರು ಓದಿ, ‘ಯಾರ ಹೆಸರು ಬಿಟ್ಟುಹೋಗಿದೆ?’ ಎಂದು ಕೇಳಿದರೆ ಬಿಟ್ಟುಹೋದವರು ಬೆಳಕಿಗೆ ಬರುತ್ತಾರೆ. ಇಂಥ ಕಾರ್ಯಕ್ಕೆ ಊರನ್ನು ಬಲ್ಲವರೇ ಬೇಕು. ನೇಪಾಳದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಆರೋಗ್ಯ ಸ್ವಯಂಸೇವಕಿಯರಾಗಿದ್ದರು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಯ ಮುದುಕ ಹಾಸಿಗೆ ಹಿಡಿದಿದ್ದಾನೆ ಎಂಬುದು ಅವರಿಗೆ ಗೊತ್ತಿತ್ತು. ಭೂಕಂಪ ಪೀಡಿತ ಜಿಲ್ಲೆಗಳಲ್ಲಿ ತಮ್ಮ ಮನೆಗಳನ್ನೇ ಕಳೆದುಕೊಂಡ ಎಷ್ಟೋ ಸ್ವಯಂಸೇವಕಿಯರು ನೆರೆಯವರ ಸೇವೆಗೆ ನಿಂತರು.

ವರ್ಷದ ಕೊನೆಯಲ್ಲಿ ಪುನರ್ನಿರ್ಮಾಣ ಪ್ರಾಧಿಕಾರ ಕಾರ್ಯಾರಂಭ ಮಾಡಿತು. ಮನೆ ಕಟ್ಟಿಕೊಳ್ಳುವ ಕುಟುಂಬಕ್ಕೆ ಕಂತುಗಳಲ್ಲಿ ಮೂರು ಲಕ್ಷ ನೇಪಾಳಿ ರೂಪಾಯಿಗಳ ನೆರವು ನಿಗದಿಯಾಯಿತು. ಆದರೆ ಅದಕ್ಕೆ ಜಮೀನಿನ ಪತ್ರ ಬೇಕಾಗಿತ್ತು. ಸ್ವಂತ ನೆಲವಿಲ್ಲದವರು ಮತ್ತೆ ಹೊರಗುಳಿದರು. ಅವರು ನಿವೇಶನ ಕೊಳ್ಳಲು ನೆರವಾಗುವ ವ್ಯವಸ್ಥೆ ಆ ಮೇಲಷ್ಟೇ ಆಯಿತು. ಒಮ್ಮೆ ಹುಡುಕಿದರೆ ಸಾಲದು, ಪ್ರತಿಯೊಂದು ಘಟ್ಟದಲ್ಲಿಯೂ ಹುಡುಕಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಪತ್ತಿನಲ್ಲಿ ಮರುಗುವ ಹೃದಯಗಳಿಗೆ ಕೊರತೆಯಿಲ್ಲ. ಆದರೆ ಮರುಕವು ಕಂಡವರನ್ನಷ್ಟೇ ಮುಟ್ಟುತ್ತದೆ. ಕಾಣದವರನ್ನು ಮುಟ್ಟಲು ವಿವೇಕ ಬೇಕು, ತಾಳ್ಮೆ ಬೇಕು, ನಡೆಯಬಲ್ಲ ಕಾಲುಗಳು ಬೇಕು. ಕೈಚಾಚಿದವನಿಗೆ ಕೊಡುವುದು ದಾನ. ಕೈಚಾಚಲಾರದವನನ್ನು ಅರಸಿಕೊಂಡು ಹೋಗಿ ಅವನ ಪಾಲನ್ನು ಅವನಿಗೆ ಮುಟ್ಟಿಸುವುದು ನ್ಯಾಯ. ಹಣೆಗೆ ಪಟ್ಟಿ ಕೊಟ್ಟು ಬೆಟ್ಟವೇರಿದ ಆ ಹೊರೆಯಾಳುಗಳು ಹೊತ್ತದ್ದು ಅಂಥ ನ್ಯಾಯದ ಹೊರೆಯನ್ನು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 2015ರ ಭೂಕಂಪದ ಕೇಂದ್ರ ಯಾವ ಗ್ರಾಮದ ಬಳಿ ಇತ್ತು?
2. ‘ಡೋಕೊ’ ಎಂದರೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೆಲಿಕಾಪ್ಟರುಗಳಿದ್ದರೂ ಹೊರೆಯಾಳುಗಳ ನೆರವು ಏಕೆ ಬೇಕಾಯಿತು?
2. ಊರೊಳಗೆ ಮರೆಯಾದವರನ್ನು ಗುರುತಿಸುವ ಬಗೆ ಯಾವುದು?

ಇ. ‘ನೀರು ತಗ್ಗಿಗೆ ಹರಿಯುವಂತೆ ನೆರವು ತನ್ನಷ್ಟಕ್ಕೆ ಸುಲಭವಾದ ದಾರಿಯನ್ನೇ ಹಿಡಿಯುತ್ತದೆ.’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.