‘ಟಿ’ ಅಕ್ಷರ ಮಾಡುವ ಕೆಲಸ

ಸ್ಟ್ರಾಟ್‌ಫರ್ಡ್‌ನ ನಮ್ಮ ಶನಿವಾರದ ತರಗತಿಯಲ್ಲಿ ಪ್ರತ್ಯಯಗಳ ಪಾಠ ನಡೆದಿತ್ತು. ವಿದ್ಯಾರ್ಥಿಯೊಬ್ಬ ಚೀಟಿಯೊಂದನ್ನು ತಂದು ತೋರಿಸಿದ. ಅವನ ಅಣ್ಣ ಜಪಾನಿನಿಂದ ಆಮದಾದ 1990ರ ದಶಕದ ಟೊಯೊಟಾ ಸುಪ್ರಾ ಕೊಳ್ಳಲು ಹೊರಟಿದ್ದ. ಅವನಿಗೆ ಬೇಕಾಗಿದ್ದ ಎಂಜಿನ್ 2ಜೆಝಡ್-ಜಿಟಿಇ. ಕಾರಿನಲ್ಲಿ ಇದ್ದದ್ದು 2ಜೆಝಡ್-ಜಿಇ. “ಒಂದೇ ಅಕ್ಷರ ಅಲ್ವಾ ಟೀಚರ್? ಟರ್ಬೊ ಆಮೇಲೆ ಹಾಕಿಸಬಹುದಂತೆ” ಎಂದ. ವಾರವಾರವೂ ಒಂದಕ್ಷರಕ್ಕೆ ಅಂಕ ಕಳೆಯುವ ನಾವು ಸುಮ್ಮನಿರುವುದು ಹೇಗೆ? ಆ ಹೆಸರನ್ನೇ ಬಿಡಿಸಿ ಓದಿದೆವು.

ಜೆಝಡ್ ಎಂಬುದು ಎಂಜಿನ್ನಿನ ಮನೆತನ; 2 ಎಂದರೆ ಆ ಮನೆತನದ ಎರಡನೆಯದು. ಜಿ ಎಂದರೆ ವೇಗಕ್ಕೆಂದು ರೂಪಿಸಿದ ಜೋಡಿ ಕ್ಯಾಮ್‌ಶಾಫ್ಟ್, ಇ ಎಂದರೆ ಎಲೆಕ್ಟ್ರಾನಿಕ್ ಇಂಧನ ಪೂರೈಕೆ. ನಡುವಿನ ಟಿ ಟರ್ಬೊ.

ಕಮ್ಮಾರ ತಿದಿ ಒತ್ತಿ ಕುಲುಮೆಗೆ ಗಾಳಿ ಊದುವುದನ್ನು ಪೋಷಕರು ಊರಿನಲ್ಲಿ ನೋಡಿರಬಹುದು. ಟರ್ಬೊ ಮಾಡುವುದೂ ಅದನ್ನೇ. ಹೊರಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್, ಹೆಚ್ಚು ಶಕ್ತಿ.

ಎರಡೂ ಎಂಜಿನ್‌ಗಳ ಗಾತ್ರ 2997 ಸಿಸಿ. ಆದರೆ ಜಿಇ ತನ್ನ ಗಾಳಿಯನ್ನು ಹತ್ತು ಪಟ್ಟು ಅದುಮುತ್ತದೆ, ಜಿಟಿಇ ಎಂಟೂವರೆ ಪಟ್ಟು ಮಾತ್ರ. ಟರ್ಬೊ ಮೊದಲೇ ಗಾಳಿಯನ್ನು ಅದುಮಿ ಕಳಿಸುವುದರಿಂದ ಒಳಗೆ ಜಾಗ ಬಿಟ್ಟಿರಬೇಕು. ಜಿಇಗೆ ಸುಮ್ಮನೆ ಟರ್ಬೊ ಕಟ್ಟಿ ಒತ್ತಡ ಏರಿಸಿದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಹಾಳಾದೀತು.

ಇನ್ನೊಂದು ಸಂಗತಿ ನಮಗೇ ಹೊಸದು. ಜಿಟಿಇ ಎಂದು ಬರೆದಿದ್ದರೂ ಜಪಾನಿನದು ಬೇರೆ, ಬ್ರಿಟನ್ನಿನದು ಬೇರೆ! ಜಪಾನಿನ ಟರ್ಬೊ ಚಕ್ರ ಸೆರಾಮಿಕ್ಕಿನದು: ಹಗುರ, ಬೇಗ ತಿರುಗುತ್ತದೆ, ಆದರೆ ಅತಿ ಒತ್ತಡಕ್ಕೆ ಒಡೆಯಬಹುದು. ರಫ್ತಿನ ಕಾರುಗಳಿಗೆ ಉಕ್ಕಿನ ಚಕ್ರ. ಅಲ್ಲಿನ ತಯಾರಕರು 280 ಅಶ್ವಶಕ್ತಿ ಮೀರಬಾರದೆಂದು ತಮ್ಮೊಳಗೇ ಮಾಡಿಕೊಂಡಿದ್ದ ಒಪ್ಪಂದ 2004ರವರೆಗೆ ನಡೆಯಿತು. ಇಲ್ಲಿ ಮಾರಿದ ಸುಪ್ರಾ 320 ದಾಟಿತ್ತು.

ಅಣ್ಣ ಕೊನೆಗೆ ಜಿಇ ಕಾರನ್ನೇ ಕೊಂಡ, ಟರ್ಬೊ ಆಸೆ ಬಿಟ್ಟ. ವಿಮೆಯ ಕಂಪನಿಗೆ ಆಮದು ಕಾರೆಂದು ಮೊದಲೇ ತಿಳಿಸಿದ. ಅವರಮ್ಮನಿಗೂ ನಿದ್ದೆ ಬಂತು.

ಅಭ್ಯಾಸಕ್ಕೆ ಎರಡು ಪ್ರಶ್ನೆ. ಬಿಡದಿಯಲ್ಲಿ ತಯಾರಾಗಿ 2005ರಲ್ಲಿ ಬಂದ ಮೊದಲ ಇನ್ನೋವಾದ ಡೀಸೆಲ್ ಎಂಜಿನ್ 2ಕೆಡಿ-ಎಫ್‌ಟಿವಿ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ನಿಮ್ಮನ್ನು ಅಜ್ಜಿಮನೆಗೆ ಕರೆದೊಯ್ದ ಆ ಗಾಡಿಯಲ್ಲಿ ಟರ್ಬೊ ಇತ್ತೇ? ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನ ಎಂಜಿನ್ ಆರ್‌ಬಿ26ಡಿಇಟಿಟಿ. ಅಲ್ಲಿ ಟಿ ಎರಡು ಸಲ ಏಕೆ? (ಸುಪ್ರಾ ಜಿಟಿಇಯಲ್ಲೂ ಟರ್ಬೊ ಎರಡಿವೆ, ಟೊಯೊಟಾ ಒಂದೇ ಟಿ ಬರೆಯುತ್ತದೆ. ಒಂದೊಂದು ಕಂಪನಿಗೆ ಒಂದೊಂದು ವ್ಯಾಕರಣ.)